ತಂಡವು ಯಾರ ಸೊತ್ತು?

“ಇದು ಅದೇ” ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಆಡುತ್ತೇವೆಯೋ ಲೆಕ್ಕವಿಲ್ಲ. ನಿನ್ನೆ ಕಂಡ ಹೊಳೆಯನ್ನು ಇಂದು ಕಂಡು ಅದೇ ಹೊಳೆಯೆನ್ನುತ್ತೇವೆ. ನಿನ್ನೆಯ ನೀರಿನ ಹನಿಯೊಂದಾದರೂ ಅಲ್ಲಿ ಉಳಿದಿರುವುದಿಲ್ಲ. ಸಂಜೆ ಹಚ್ಚಿದ ದೀಪವು ಬೆಳಗಿನ ತನಕ ಉರಿದರೆ ಒಂದೇ ದೀಪವೆನ್ನುತ್ತೇವೆ; ಮೊದಲ ಜಾವದ ಜ್ವಾಲೆಯು ಕಡೆಯ ಜಾವದಲ್ಲಿ ಇರುವುದಿಲ್ಲ. ಈ ಮಾತಿನಲ್ಲಿ ಸತ್ಯವೆಷ್ಟು, ವ್ಯವಹಾರದ ಸೌಕರ್ಯವೆಷ್ಟು ಎಂಬ ವಿಷಯವಾಗಿ ನಮ್ಮ ದೇಶದ ತಾರ್ಕಿಕರು ನೂರಾರು ವರ್ಷಗಳ ಕಾಲ ವಾದಮಾಡಿದ್ದಾರೆ. ನೂಲುಗಳಿಂದ ಹುಟ್ಟಿದರೂ ಬಟ್ಟೆಯೆಂಬುದು ನೂಲುಗಳಿಗಿಂತ ಬೇರೆಯಾದ ಒಂದು ವಸ್ತುವೆಂದು ನೈಯಾಯಿಕರು ಹೇಳಿದರೆ, ನೂಲುಗಳ ಕೂಟವಲ್ಲದೆ ಬಟ್ಟೆಯೆಂಬ ಬೇರೊಂದು ಇಲ್ಲವೇ ಇಲ್ಲವೆಂದು ಬೌದ್ಧರು ಹೇಳಿದರು. ಯವನರಾಜನಾದ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ರಥದ ವಿಷಯವಾಗಿ ನಡೆದ ಸಂವಾದವನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಚಕ್ರವು ರಥವೇ, ಅಚ್ಚು ರಥವೇ, ನೊಗವು ರಥವೇ ಎಂದು ಒಂದೊಂದನ್ನಾಗಿ ಕಳೆಯುತ್ತ ಹೋದರೆ ಕಡೆಗೆ ರಥವೆಲ್ಲಿ?

ಪಾಠಶಾಲೆಯಲ್ಲಿ ಇಂಥ ವಾದಗಳನ್ನು ಉರುಹಚ್ಚುವ ಹುಡುಗನಿಗೆ ಅವು ಗಂಟಲನ್ನು ಒಣಗಿಸುವ ವ್ಯಾಯಾಮವೆಂದು ತೋರುವುದು ಸಹಜ. ಬಟ್ಟೆಯು ನೂಲಿಗಿಂತ ಬೇರೆಯಾದರೇನು, ಆಗದಿದ್ದರೇನು? ಉಡುವವನಿಗೆ ಚಳಿ ನಿಂತರೆ ಸಾಕು. ಆದರೆ ರಥದ ಸ್ಥಾನದಲ್ಲಿ ಮನುಷ್ಯರು ಸೇರಿ ಕಟ್ಟಿಕೊಂಡ ಒಂದು ಸಂಸ್ಥೆಯನ್ನಿಟ್ಟು ನೋಡಿದರೆ ಪ್ರಶ್ನೆಯ ಬಣ್ಣವೇ ಬೇರೆಯಾಗುತ್ತದೆ. ಆಗ “ಇದು ಅದೇ ಹೌದೆ?” ಎಂದು ಕೇಳುವವನು ಒಳಗೊಳಗೆ “ಇದು ಯಾರದು?” ಎಂದು ಕೇಳುತ್ತಿರುತ್ತಾನೆ. ಮೊದಲನೆಯದು ತರ್ಕಕ್ಕೆ ಸೇರಿದ್ದು. ಎರಡನೆಯದು ಧರ್ಮಕ್ಕೆ ಸೇರಿದ್ದು. ಒಂದಕ್ಕೆ ಉತ್ತರ ಹೇಳದೆ ಇನ್ನೊಂದನ್ನು ಮುಟ್ಟುವಂತಿಲ್ಲ. ಈ ಸಂಗತಿಯನ್ನು ನನಗೆ ಸ್ಪಷ್ಟಪಡಿಸಿದ್ದು ಯಾವ ಭಾಷ್ಯಗ್ರಂಥವೂ ಅಲ್ಲ, ಅಮೆರಿಕಾ ದೇಶದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿರುವ ಒಂದು ಐಸ್ ಹಾಕಿ ತಂಡದ ಚರಿತ್ರೆ. ಇಷ್ಟು ದೂರದ ವಿಷಯವನ್ನು ಎತ್ತಿಕೊಂಡುದಕ್ಕೆ ವಾಚಕರು ಬೇಸರಪಡಬಾರದು. ನಮ್ಮ ಬಳಿಯ ಸಂಸ್ಥೆಗಳನ್ನು ಹಿಡಿದು ವಿಚಾರಮಾಡಹೊರಟರೆ ರಾಗದ್ವೇಷಗಳು ಅಡ್ಡಬರುತ್ತವೆ. ದೂರದ ವಸ್ತುವಿನಲ್ಲಿ ಆ ತೊಡಕಿಲ್ಲ.

ಐಸ್ ಹಾಕಿಯು ಚಳಿನಾಡಿನ ಆಟ. ನೀರನ್ನು ಹೆಪ್ಪುಗಟ್ಟಿಸಿ ಮಾಡಿದ ನುಣುಪಾದ ಅಂಗಳದ ಮೇಲೆ, ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ತೊಟ್ಟು, ಪಕ್ಷವೊಂದಕ್ಕೆ ಆರು ಮಂದಿಯಂತೆ ಜಾರುತ್ತ ಓಡಾಡಿ, ಬಾಗಿದ ಕೋಲಿನಿಂದ ರಬ್ಬರಿನ ಬಿಲ್ಲೆಯೊಂದನ್ನು ಎದುರಾಳಿಗಳ ಗೋಲಿನೊಳಕ್ಕೆ ಹೊಡೆಯುವುದು ಅದರ ಸ್ವರೂಪ. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಭಾಗಗಳಲ್ಲಿ ಆಟವು ಮುಗಿಯುತ್ತದೆ. ನಾನು ಇದನ್ನು ಎದುರಿಗೆ ಕುಳಿತು ನೋಡಿದವನಲ್ಲವಾದುದರಿಂದ ಅದರ ಚಮತ್ಕಾರವನ್ನು ವರ್ಣಿಸುವ ಸಾಹಸಕ್ಕೆ ಕೈಹಾಕುವುದಿಲ್ಲ. ಇಲ್ಲಿ ನಮಗೆ ಬೇಕಾದದ್ದು ಅದರ ಏರ್ಪಾಡು.

ಅಮೆರಿಕಾ ಮತ್ತು ಕೆನಡಾಗಳಲ್ಲಿ ಹಣಕ್ಕಾಗಿ ಆಡುವ ತಂಡಗಳಲ್ಲಿ ಮೇಲು ಕೀಳೆಂಬ ಶ್ರೇಣಿಗಳುಂಟು. ನ್ಯಾಷನಲ್ ಹಾಕಿ ಲೀಗ್ ಎಂಬುದು ಎಲ್ಲಕ್ಕೂ ಮೇಲಿನದು. ಅದಕ್ಕೆ ನೇರವಾಗಿ ಕೆಳಗಿನದು ಅಮೆರಿಕನ್ ಹಾಕಿ ಲೀಗ್. ೧೯೩೬ರಲ್ಲಿ ಎರಡು ಕೂಟಗಳು ಕೈಜೋಡಿಸಿದ್ದರಿಂದ ಹುಟ್ಟಿ, ೧೯೪೦ರಲ್ಲಿ ಈ ಹೆಸರನ್ನು ಪಡೆದದ್ದು. ಇಂಥ ಕೆಳಗಿನ ಕೂಟಗಳನ್ನು ಮೈನರ್ ಲೀಗುಗಳೆಂದು ಕರೆಯುವರು. ಮೈನರ್ ತಂಡವು ಮೇಲಿನ ತಂಡವೊಂದರೊಡನೆ ಒಡಂಬಡಿಕೆ ಮಾಡಿಕೊಂಡಿರುತ್ತದೆ. ಆಟಗಾರರಲ್ಲಿ ಬಹುಮಂದಿಯ ಕರಾರು ಮೇಲಿನ ತಂಡದೊಡನೆಯೇ ಹೊರತು ತಾವು ದಿನವೂ ಯಾರ ಅಂಗಿಯನ್ನು ತೊಡುತ್ತಾರೆಯೋ ಆ ತಂಡದೊಡನೆಯಲ್ಲ. ಮೇಲೆ ಒಬ್ಬನಿಗೆ ಮಂಡಿ ಮುರಿದರೆ ಕೆಳಗಿನವರಲ್ಲಿ ಒಬ್ಬನಿಗೆ ಕರೆ ಬರುತ್ತದೆ. ಅವನು ಆ ರಾತ್ರಿಯೇ ಹೊರಡಬೇಕು. ತಂಡವು ಪಂದ್ಯಾವಳಿಯ ಕೊನೆಯ ಆಟವನ್ನು ಆಡುತ್ತಿದ್ದರೂ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಮೈನರ್ ತಂಡವೆಂಬುದು, ಅದರಲ್ಲಿರುವವರೆಲ್ಲರೂ ಬಿಟ್ಟುಹೋಗಲು ಬಯಸುತ್ತಿರುವ ಒಂದು ಮನೆ. ಮೇಷ್ಟರ ವೃತ್ತಿಯಲ್ಲಿದ್ದವನಿಗೆ ಇದು ಅಷ್ಟೇನೂ ವಿಚಿತ್ರವಾಗಿ ತೋರದು, ಶಾಲೆಯೂ ಅಂಥದೇ.

ಈಗ ನಮ್ಮ ಕಥೆಯ ತಂಡಕ್ಕೆ ಬರೋಣ. ಪೆನ್ಸಿಲ್ವೇನಿಯಾದ ಡೆರಿ ಎಂಬ ಹಾಲುಹೈನದ ಸೀಮೆಯಲ್ಲಿ ಮಿಲ್ಟನ್ ಹರ್ಷಿಯೆಂಬಾತನು ೧೯೦೩ರಲ್ಲಿ ಚಾಕೊಲೇಟಿನ ಕಾರ್ಖಾನೆಯೊಂದಕ್ಕೆ ಅಡಿಪಾಯ ಹಾಕಿದನು. ೧೮೫೭ರಲ್ಲಿ ಹುಟ್ಟಿದ ಈತನು ಮಿಠಾಯಿ ವ್ಯಾಪಾರದಲ್ಲಿ ಒಂದೆರಡು ಸಲ ಕೈಸುಟ್ಟುಕೊಂಡು ಆಮೇಲೆ ಮೇಲೆದ್ದವನು. ಕಾರ್ಖಾನೆಯ ಸುತ್ತಲೂ ಕೆಲಸಗಾರರಿಗಾಗಿ ಮನೆ, ಉದ್ಯಾನ, ಟ್ರಾಮುಗಾಡಿ, ಶಾಲೆಗಳು ಎದ್ದು ಒಂದು ಊರೇ ಆಯಿತು. ಊರಿಗೂ ಆತನ ಹೆಸರೇ. ಅದರ ಬೀದಿಗಳಲ್ಲಿ ಒಂದಕ್ಕೆ ಚಾಕೊಲೇಟಿನ ಹೆಸರು, ಇನ್ನೊಂದಕ್ಕೆ ಕೋಕೋವಿನ ಹೆಸರು. ಹರ್ಷಿ ದಂಪತಿಗಳಿಗೆ ಮಕ್ಕಳಿರಲಿಲ್ಲ. ೧೯೦೯ರಲ್ಲಿ ಅವರು ತಂದೆಯಿಲ್ಲದ ಹುಡುಗರಿಗಾಗಿ ಊಟ ವಸತಿಗಳ ಸಹಿತವಾದ ಒಂದು ವಿದ್ಯಾಶಾಲೆಯನ್ನು ಸ್ಥಾಪಿಸಿದರು. ಹೆಂಡತಿಯು ೧೯೧೫ರಲ್ಲಿ ತೀರಿಕೊಂಡಳು. ಮೂರು ವರ್ಷಗಳ ತರುವಾಯ, ೧೯೧೮ರಲ್ಲಿ, ಆತನು ಕಂಪನಿಯ ಷೇರುಗಳೇ ಮೊದಲಾದ ತನ್ನ ಐಶ್ವರ್ಯವನ್ನೆಲ್ಲ ಸದ್ದಿಲ್ಲದೆ ಆ ಶಾಲೆಯ ಧರ್ಮನಿಧಿಗೆ ಬರೆದುಕೊಟ್ಟನು. ಅದರ ಬೆಲೆ ಆ ಕಾಲಕ್ಕೆ ಆರು ಕೋಟಿ ಡಾಲರುಗಳಷ್ಟೆಂದು ಅಂದಾಜು. ಶಾಲೆಯ ನಿಯಮದಲ್ಲಿ ಒಂದು ಕಲೆಯೂ ಇತ್ತು: ಬಿಳಿಯ ಮೈಬಣ್ಣದ ಹುಡುಗರಿಗಷ್ಟೆ ಅಲ್ಲಿ ಪ್ರವೇಶವೆಂದು ಬರೆದಿತ್ತು. ಆ ಕಟ್ಟಳೆ ಆಮೇಲೆ ಹೋಯಿತು. ಹೆಣ್ಣುಮಕ್ಕಳಿಗೂ ೧೯೭೦ರ ದಶಕದಲ್ಲಿ ಬಾಗಿಲು ತೆರೆಯಿತು. ದಾನವು ದೊಡ್ಡದೆಂದ ಮಾತ್ರಕ್ಕೆ ದಾನಿಯ ಕಾಲದ ಕುರುಡು ದಾನಪತ್ರದೊಳಕ್ಕೆ ನುಸುಳುವುದಿಲ್ಲವೆಂದು ತಿಳಿಯಬಾರದು.

ಈ ಊರಿನಲ್ಲಿ ಹಾಕಿ ಆಟವು ೧೯೩೧ರಲ್ಲಿ ಕಾಲಿಟ್ಟಿತು. ಜನ ಮುಗಿಬಿದ್ದು ನೋಡುವುದನ್ನು ಕಂಡು ಹರ್ಷಿಯೂ, ಊರಿನ ವಿನೋದಶಾಖೆಯನ್ನು ನೋಡಿಕೊಳ್ಳುತ್ತಿದ್ದ ಜಾನ್ ಸಾಲೆನ್‌ಬರ್ಗರನೂ ಸೇರಿ ೧೯೩೨ರಲ್ಲಿ ಊರಿನದೇ ಆದ ಒಂದು ತಂಡವನ್ನು ನಿಲ್ಲಿಸಿದರು. ಅದು ಅಮೆರಿಕಾದಲ್ಲಿ ಧನಕ್ಷಾಮವು ತಲೆದೋರಿ, ಕೆಲಸಕ್ಕೆ ಅಲೆಯುವವರು ಬೀದಿ ತುಂಬಿದ್ದ ಕಾಲ. ಉಳಿದವರೆಲ್ಲ ಖರ್ಚನ್ನು ಕುಗ್ಗಿಸುತ್ತಿದ್ದಾಗ ಈತನು ಊರಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳನ್ನೆಬ್ಬಿಸಿ ಸುಮಾರು ಆರುನೂರು ಮಂದಿಗೆ ಕೂಲಿ ಒದಗಿಸಿದನು. ಹಾಗೆ ಎದ್ದವುಗಳಲ್ಲಿ ೧೯೩೬ರ ಡಿಸೆಂಬರಿನಲ್ಲಿ ತೆರೆದ ಕ್ರೀಡಾಮಂದಿರವೂ ಒಂದು. ಆಂಟನ್ ಟೆಡೆಸ್ಕೊ ಎಂಬ ಶಿಲ್ಪಿಯು ಅದಕ್ಕೆ ತೆಳ್ಳನೆಯ ಕಾಂಕ್ರೀಟಿನ ಕಮಾನು ಚಾವಣಿಯನ್ನು ಹೊದಿಸಿದನು. ಒಳಗೆ ಕಣ್ಣಿಗೆ ಅಡ್ಡಬರುವ ಕಂಬ ಒಂದೂ ಇಲ್ಲ. ಏಳು ಸಾವಿರಕ್ಕೂ ಹೆಚ್ಚು ಮಂದಿ ಕುಳಿತು ನೋಡಬಹುದಾಗಿತ್ತು. ಕಾರ್ಖಾನೆಯ ಊರೊಂದಕ್ಕೆ ಇದು ಮಿತಿಮೀರಿದ ಗಾತ್ರವೆಂದೇ ಹೇಳಬೇಕು.

ತಂಡದ ಹೆಸರಿನ ಕಥೆಯು ವಿನೋದವಾಗಿದೆ. ಚಾಕೊಲೇಟಿನ ಹಲ್ಲೆಗೆ ಅವರ ಭಾಷೆಯಲ್ಲಿ ಬಾರ್ ಎನ್ನುತ್ತಾರೆ. ತಂಡಕ್ಕೂ ಬಾರ್ಸ್ ಎಂದೇ ಹೆಸರಿಟ್ಟರು. ಇದು ಆಟದ ತಂಡವೋ ಸರಕಿನ ಜಾಹೀರಾತೋ ಎಂದು ನ್ಯೂಯಾರ್ಕಿನ ಪತ್ರಿಕಾಲೇಖಕರು ಕಟಕಿಯಾಡಿದರು. ಕಡೆಗೆ ೧೯೩೬ರಲ್ಲಿ ಸ್ವರವೊಂದನ್ನು ತಿರುಚಿ, ಕರಡಿಯೆಂಬರ್ಥದ ಬೇರ್ಸ್ ಎಂದು ಮಾಡಿಕೊಂಡರು. ಸರಕಿನ ಹೆಸರು ಪ್ರಾಣಿಯ ಹೆಸರಾದದ್ದು ಸಣ್ಣ ಸಂಗತಿಯೆಂದು ತೋರಬಹುದು. ನನಗೇನೋ ಅಲ್ಲಿಯೇ ಒಂದು ಸೂಕ್ಷ್ಮವು ಕಾಣುತ್ತದೆ. ಹಲ್ಲೆಯು ಕಂಪನಿಯದು, ಕರಡಿಯು ಯಾರದೂ ಅಲ್ಲವಾದ ಕಾರಣ ಎಲ್ಲರದೂ ಆಗಬಲ್ಲುದು.

೧೯೩೮ರಲ್ಲಿ ಈ ಕರಡಿಗಳು ಈಗ ಅಮೆರಿಕನ್ ಹಾಕಿ ಲೀಗೆನಿಸಿರುವ ಕೂಟಕ್ಕೆ ಸೇರಿದವು. ಅಂದಿನಿಂದ ಯುದ್ಧದ ವರ್ಷಗಳನ್ನೂ ಒಳಗೊಂಡು ಅದೇ ಊರಿನಲ್ಲಿ, ಅದೇ ಹೆಸರಿನಲ್ಲಿ ಆಡುತ್ತ ಬಂದಿವೆ. ಆ ಲೀಗಿನಲ್ಲಿ ಇಷ್ಟು ಹಳೆಯ ತಂಡ ಮತ್ತೊಂದಿಲ್ಲ. ಕೂಟದ ಪರಮ ಪಾರಿತೋಷಕವಾದ ಕಾಲ್ಡರ್ ಬಟ್ಟಲು ಮೊದಲ ಸಲ ಹರ್ಷಿಗೆ ಬಂದದ್ದು ೧೯೪೭ರಲ್ಲಿ; ಹರ್ಷಿಯು ೧೯೪೫ರಲ್ಲಿಯೇ ತೀರಿಕೊಂಡಿದ್ದುದರಿಂದ ಅದನ್ನು ನೋಡಲಿಲ್ಲ. ೧೯೫೮, ೧೯೫೯, ೧೯೬೯, ೧೯೭೪, ೧೯೮೦ ಎಂದು ಮುಂದುವರಿದು, ೧೯೮೮ರ ಅಂತಿಮ ಸುತ್ತುಗಳಲ್ಲಿ ಆಡಿದ ಹನ್ನೆರಡು ಆಟಗಳಲ್ಲಿ ಒಂದನ್ನೂ ಸೋಲದೆ ಗೆದ್ದು, ೧೯೯೭, ೨೦೦೬, ೨೦೦೯, ೨೦೧೦ರ ಮೇಲೆ ಮತ್ತೆ ೨೦೨೩ ಮತ್ತು ೨೦೨೪ರಲ್ಲಿ ಗೆದ್ದು, ಬಟ್ಟಲು ಹದಿಮೂರು ಸಲ ಆ ಊರಿಗೆ ಬಂದಿದೆ.

ಇನ್ನು ನೂಲುಗಳನ್ನು ಒಂದೊಂದಾಗಿ ಎಳೆದು ನೋಡೋಣ. ೧೯೪೭ರಲ್ಲಿ ಗೆದ್ದವರಲ್ಲಿ ಒಬ್ಬನಾದರೂ ೨೦೨೪ರಲ್ಲಿ ಆಡಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ೨೦೧೦ರಲ್ಲಿ ಗೆದ್ದ ತಂಡವೇ ಹದಿಮೂರು ವರ್ಷಗಳಲ್ಲಿ ಪೂರ್ತಿ ಬದಲಾಗಿತ್ತು. ಶಿಕ್ಷಕರು ಬದಲಾದರು. ಮೇಲಿನ ಲೀಗಿನ ಒಡಂಬಡಿಕೆಯು ಬಾಸ್ಟನ್, ಪಿಟ್ಸ್‌ಬರ್ಗ್, ಬಫೆಲೊ, ಫಿಲಡೆಲ್ಫಿಯಾ, ಕೊಲೊರಾಡೊ ಎಂದು ಕೈಯಿಂದ ಕೈಗೆ ಹೋಗಿ ೨೦೦೫ರಿಂದ ವಾಷಿಂಗ್ಟನ್ನಿನ ತಂಡದೊಡನೆ ನಿಂತಿದೆ. ೨೦೦೨ರಲ್ಲಿ ಹಳೆಯ ಮಂದಿರವನ್ನು ಬಿಟ್ಟು ಹತ್ತು ಸಾವಿರಕ್ಕೂ ಹೆಚ್ಚು ಆಸನಗಳುಳ್ಳ ಹೊಸ ಮಂದಿರಕ್ಕೆ ಬಂದದ್ದಾಯಿತು. ಚಕ್ರ, ಅಚ್ಚು, ನೊಗಗಳೆಲ್ಲ ಹೋದವು. ನಾಗಸೇನನು ಇದ್ದಿದ್ದರೆ ಕರಡಿಯೆಲ್ಲಿ ಎಂದು ಕೇಳುತ್ತಿದ್ದನು.

“ಅದೇ ಇದು” ಎಂಬ ಗುರುತುಹಿಡಿಯುವಿಕೆಯನ್ನು ಶಾಸ್ತ್ರದಲ್ಲಿ ಪ್ರತ್ಯಭಿಜ್ಞೆಯೆನ್ನುತ್ತಾರೆ. ಅಂಥ ಜ್ಞಾನವು ಬಾಧೆಯಿಲ್ಲದೆ ಉಂಟಾಗುತ್ತಿರುವಾಗ ವಸ್ತುವು ಸ್ಥಿರವೆಂದೇ ಒಪ್ಪಬೇಕೆಂಬುದು ಮೀಮಾಂಸಕರೇ ಮೊದಲಾದವರ ಪಕ್ಷ. ಅದರಂತೆ, ಅಜ್ಜನೂ ತಂದೆಯೂ ಕುಳಿತ ಸಾಲಿನಲ್ಲಿ ಕುಳಿತು ಹರ್ಷಿಯ ಹುಡುಗನು ಇವು ಅದೇ ಕರಡಿಗಳೆಂದು ಗುರುತಿಸಿದರೆ ಅಷ್ಟೇ ಸಾಕೆನ್ನಬೇಕು. ಆದರೆ ಬೌದ್ಧರ ಬತ್ತಳಿಕೆಯಲ್ಲಿ ಇದಕ್ಕೊಂದು ಬಾಣವಿದೆ. ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನೂ ಉಗುರನ್ನೂ ಕಂಡು ಅದೇ ಕೂದಲು, ಅದೇ ಉಗುರು ಎನ್ನುತ್ತೇವಷ್ಟೆ. ಅಲ್ಲಿ ಇರುವುದು ಹೋಲಿಕೆಯೇ ಹೊರತು ಐಕ್ಯವಲ್ಲ. ಗುರುತು ತಪ್ಪಬಲ್ಲುದು.

ತಪ್ಪುವುದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಅದೇ ಲೀಗಿನಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ನಗರದ ತಂಡವೊಂದಿತ್ತು, ಹೆಸರು ಇಂಡಿಯನ್ಸ್. ಹೀಗೆಂದರೆ ನಾವಲ್ಲ, ಆ ಖಂಡದ ಮೂಲನಿವಾಸಿಗಳು. ೧೯೩೬ರಲ್ಲಿ ಕೂಟವು ಹುಟ್ಟಿದಾಗಲೇ ಇದ್ದ ತಂಡವಿದು. ೧೯೬೦, ೧೯೬೧, ೧೯೬೨ರಲ್ಲಿ ಸಾಲಾಗಿ ಮೂರು ಸಲ ಬಟ್ಟಲನ್ನು ಗೆದ್ದಿತು. ೧೯೯೪ರಲ್ಲಿ ಇದರ ಸನ್ನದು, ಎಂದರೆ ಲೀಗಿನಲ್ಲಿ ತಂಡವನ್ನಿಟ್ಟು ಆಡಿಸುವ ಹಕ್ಕು, ಮಾರಾಟವಾಗಿ ವುಸ್ಟರ್ ನಗರಕ್ಕೆ ಹೋಯಿತು. ೨೦೦೫ರಲ್ಲಿ ಅಲ್ಲಿಂದ ಇಲಿನಾಯ್ ಸಂಸ್ಥಾನದ ಪಿಯೋರಿಯಾಕ್ಕೆ. ೨೦೧೩ರಲ್ಲಿ ಅಲ್ಲಿಂದ ನ್ಯೂಯಾರ್ಕ್ ಸಂಸ್ಥಾನದ ಯುಟಿಕಾಕ್ಕೆ. ೨೦೨೧ರಲ್ಲಿ ಕೆನಡಾದ ಪಶ್ಚಿಮದ ಅಂಚಿನಲ್ಲಿರುವ ಆಬಟ್ಸ್‌ಫರ್ಡಿಗೆ. ಒಂದೊಂದು ಊರಿನಲ್ಲಿ ಒಂದೊಂದು ಹೆಸರು. ೨೦೨೫ರಲ್ಲಿ ಆಬಟ್ಸ್‌ಫರ್ಡಿನವರು ಕಾಲ್ಡರ್ ಬಟ್ಟಲನ್ನು ಗೆದ್ದರು. ಸನ್ನದಿನ ವಂಶಾವಳಿಯನ್ನು ಹಿಡಿದು ನೋಡಿದರೆ ಸ್ಪ್ರಿಂಗ್‌ಫೀಲ್ಡಿನ ತಂಡವೇ ಗೆದ್ದಂತಾಯಿತು. ಇದನ್ನು ಕೇಳಿ ಸ್ಪ್ರಿಂಗ್‌ಫೀಲ್ಡಿನ ಮುದುಕನೊಬ್ಬನು ಹಿಗ್ಗಬೇಕೆಂದರೆ ಅವನಿಗೆ ಕಾನೂನಿನ ಪದವಿಯಾದರೂ ಬೇಕು.

ಯುಟಿಕಾದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯವಾದದ್ದು. ಅಲ್ಲಿ ಆ ತಂಡಕ್ಕೆ ಕಾಮೆಟ್ಸ್, ಎಂದರೆ ಧೂಮಕೇತುಗಳು, ಎಂದು ಹೆಸರಾಗಿತ್ತು. ೨೦೨೧ರಲ್ಲಿ ಸನ್ನದು ಆಬಟ್ಸ್‌ಫರ್ಡಿಗೆ ಹೊರಟುಹೋದಾಗ, ಬಿಂಗಮ್‌ಟನ್ನಿನಲ್ಲಿದ್ದ ಬೇರೊಂದು ಸನ್ನದನ್ನು ಯುಟಿಕಾಕ್ಕೆ ತಂದು ಅದಕ್ಕೆ ಕಾಮೆಟ್ಸ್ ಎಂಬ ಹೆಸರನ್ನೇ ಮುಂದುವರಿಸಿದರು. ಅದೇ ಮಂದಿರ, ಅದೇ ಹೆಸರು, ನೋಡುವವರೂ ಅವರೇ. ಆಡುವವರೂ ಸನ್ನದೂ ಬೇರೆ. ಕತ್ತರಿಸಿ ಬೆಳೆದ ಉಗುರೆಂದರೆ ಇದೇ. ಹೋಗಲಿ, ಆ ಊರಿನವರು ಇವು ನಮ್ಮ ಧೂಮಕೇತುಗಳೆಂದರೆ ಅವರನ್ನು ಭ್ರಾಂತರೆನ್ನಲು ನನಗೆ ಬಾಯಿ ಬಾರದು. ನ್ಯಾಯವಾಗಿ ನೋಡಿದರೆ, ಊರಿನವರ ಮಾತೇ ಸತ್ಯಕ್ಕೆ ಹತ್ತಿರವಾದದ್ದು. ಬೆರಳು ಉಳಿದಿರುವ ತನಕ ಉಗುರಿಗೆ ಅದೇ ಉಗುರೆನ್ನಬಹುದು. ಕತ್ತರಿಸಿ ಬಿದ್ದ ತುಂಡು ಮೊದಲಿನ ಉಗುರೇ ಆಗಿದ್ದರೂ ಅದನ್ನು ಯಾರೂ ತನ್ನದೆಂದು ಎತ್ತಿಟ್ಟುಕೊಳ್ಳುವುದಿಲ್ಲ.

ಹೀಗಿರುವಲ್ಲಿ ತಂಡವನ್ನು ತಂಡವಾಗಿ ಹಿಡಿದಿಡುವುದು ಆಟಗಾರರೂ ಅಲ್ಲ, ಸನ್ನದೂ ಅಲ್ಲ. ಒಂದು ಊರಿನವರು ವರ್ಷದಿಂದ ವರ್ಷಕ್ಕೆ ಅದರ ಮೇಲೆ ಇಟ್ಟ ನೆಚ್ಚು. ಒಡೆಯನಾದವನು ಹಣ ಕೊಟ್ಟು ಸನ್ನದನ್ನು ಕೊಂಡಿರುತ್ತಾನೆ. ನೆಚ್ಚನ್ನು ಅವನು ಕೊಂಡಿರುವುದಿಲ್ಲ, ಅದು ಅವನ ಕೈಯಲ್ಲಿ ಇರಿಸಿದ್ದು. ನಮ್ಮ ಸ್ಮೃತಿಕಾರರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೆಂಬುದೊಂದು. ನಂಬಿ ಒಬ್ಬನಲ್ಲಿ ಇರಿಸಿದ ಒಡವೆ. ಇರಿಸಿಕೊಂಡವನಿಗೆ ಅದನ್ನು ಕಾಪಾಡುವ ಅಧಿಕಾರವುಂಟು, ಮಾರುವ ಅಧಿಕಾರವಿಲ್ಲ. ಈ ನ್ಯಾಯವನ್ನು ತಂಡಕ್ಕೆ ಅನ್ವಯಿಸುವುದು ಅತಿಯಾಯಿತೆಂದು ಪೂರ್ವಪಕ್ಷದವನು ಹೇಳಬಹುದು: “ಟಿಕೀಟು ಕೊಂಡವನು ಎರಡೂವರೆ ಗಂಟೆಯ ಆಟವನ್ನು ಕೊಂಡನು, ಆಟವನ್ನು ನೋಡಿದನು, ಲೆಕ್ಕ ಚುಕ್ತಾ. ನಷ್ಟವಾದರೆ ಒಡೆಯನಿಗೆ ತಾನೆ? ನಷ್ಟವನ್ನು ಹೊರದವನಿಗೆ ಹಕ್ಕೆಲ್ಲಿಯದು?” ಈ ಮಾತಿನಲ್ಲಿ ಬಲವುಂಟು. ಸೋಲುವ ತಂಡವನ್ನು ಖಾಲಿ ಮಂದಿರದಲ್ಲಿ ವರ್ಷಾನುಗಟ್ಟಲೆ ಆಡಿಸೆಂದು ಒಡೆಯನಿಗೆ ವಿಧಿಸಲು ಯಾವ ಧರ್ಮಶಾಸ್ತ್ರಕ್ಕೂ ಅಧಿಕಾರವಿಲ್ಲ. ಆದರೆ ಒಡೆಯನು ಮಾರುವಾಗ ಏನನ್ನು ಮಾರುತ್ತಾನೆಂಬುದನ್ನು ನೋಡಿರಿ. ಬರಿಯ ಕೋಲು ಸ್ಕೇಟುಗಳಿಗೆ ಯಾರೂ ಲಕ್ಷಗಟ್ಟಲೆ ಕೊಡುವುದಿಲ್ಲ. ಜನ ಬಂದು ಕೂರುತ್ತಾರೆಂಬ ನಂಬಿಕೆಗೆ ಕೊಡುತ್ತಾರೆ. ಆ ನಂಬಿಕೆಯನ್ನು ಬೆಳೆಸಿದವರಲ್ಲಿ ಟಿಕೀಟು ಕೊಂಡವರೂ ಇದ್ದಾರೆ.

ತಂಡವು ತನ್ನ ಸೊತ್ತೇ ಎಂದು ಬಗೆದ ಒಡೆಯನು ಹೇಗಿರುತ್ತಾನೆಂಬುದಕ್ಕೂ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಉದಾಹರಣೆಯಿದೆ. ಎಡ್ಡಿ ಶೋರನು ಬಾಸ್ಟನ್ನಿನ ಪರವಾಗಿ ಆಡಿ ಮೇಲಿನ ಲೀಗಿನಲ್ಲಿ ಹಾರ್ಟ್ ಪಾರಿತೋಷಕವನ್ನು ನಾಲ್ಕು ಸಲ ಪಡೆದ ವೀರ. ೧೯೩೯ರಲ್ಲಿ ಆತನು ಸ್ಪ್ರಿಂಗ್‌ಫೀಲ್ಡಿನ ತಂಡವನ್ನು ಕೊಂಡನು. ಯುದ್ಧಕಾಲದಲ್ಲಿ ಸೈನ್ಯವು ಮಂದಿರವನ್ನು ವಹಿಸಿಕೊಂಡದ್ದರಿಂದ ೧೯೪೨ರಿಂದ ೧೯೪೬ರ ತನಕ ತಂಡವು ನಿಂತಿತು. ಅದು ಅವನ ತಪ್ಪಲ್ಲ. ೧೯೫೧ರಲ್ಲಿ ಸನ್ನದನ್ನು ಸಿರಕ್ಯೂಸಿಗೆ ಒಯ್ದು ೧೯೫೪ರಲ್ಲಿ ಮರಳಿ ತಂದದ್ದು ಅವನ ಇಷ್ಟ. ಆಟವನ್ನು ಬಲ್ಲವನೇ ಒಡೆಯನಾದರೆ ಆಟಗಾರರಿಗೆ ಸುಖವೆಂದು ಎಣಿಸುತ್ತೇವೆ. ಇಲ್ಲಿ ಅದು ತಲೆಕೆಳಗಾಯಿತು. ಆಡುವ ಸರದಿ ಬಾರದವರಿಂದ ಮಂದಿರದ ಆಸನಗಳಿಗೆ ಬಣ್ಣ ಬಳಿಸುವುದು, ಹುರಿದ ಜೋಳ ಮಾರಿಸುವುದು ಮುಂತಾದ ಕೆಲಸಗಳನ್ನು ಮಾಡಿಸುತ್ತಿದ್ದನೆಂಬುದು ಆ ಆಟದ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ೧೯೬೬ರ ಡಿಸೆಂಬರಿನಲ್ಲಿ ಮನಸ್ಸಿಟ್ಟು ಆಡಲಿಲ್ಲವೆಂದು ಮೂವರನ್ನು ತಂಡದಿಂದ ತಡೆಹಿಡಿದಾಗ ಉಳಿದವರೂ ಆಡುವುದಿಲ್ಲವೆಂದು ಕುಳಿತರು. ಅವರ ಪರವಾಗಿ ಟೊರಾಂಟೊವಿನ ವಕೀಲ ಆಲನ್ ಈಗಲ್ಸನ್ ಬಂದನು. ಶೋರನು ತಂಡದ ಆಡಳಿತವನ್ನು ಬಿಡಬೇಕಾಯಿತು. ೧೯೬೭ರಲ್ಲಿ ಮೇಲಿನ ಲೀಗಿನ ಆಟಗಾರರ ಸಂಘವು ಹುಟ್ಟುವುದಕ್ಕೆ ಈ ಕಿರಿಯ ತಂಡದ ಮುಷ್ಕರವೂ ಒಂದು ಕಾರಣ. ಸಂಘಕ್ಕೆ ಮುಖ್ಯಸ್ಥನಾದ ಈಗಲ್ಸನ್ನನೇ ಮುಂದೆ ಆಟಗಾರರ ಹಣದ ವಿಷಯದಲ್ಲಿ ವಂಚನೆಗೈದುದಾಗಿ ೧೯೯೮ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು ಬೇರೆಯ ಕಥೆ. ನಿಕ್ಷೇಪವನ್ನು ನುಂಗುವವರು ಒಡೆಯರಲ್ಲಿ ಮಾತ್ರವಿರುವುದಿಲ್ಲ.

ಆಟಗಾರನ ಧರ್ಮವೇನೆಂಬ ಪ್ರಶ್ನೆ ಇನ್ನೂ ಉಳಿದಿದೆ. ನಾಳೆ ಬಿಟ್ಟುಹೋಗಲು ಹಾರೈಸುವವನು ಇಂದು ಈ ಊರಿಗಾಗಿ ಮೈಮುರಿದು ಏಕೆ ಆಡಬೇಕು? ತನ್ನ ಏಳಿಗೆಗಾಗಿ ಎಂಬುದು ಒಂದು ಉತ್ತರ; ಚೆನ್ನಾಗಿ ಆಡಿದವನಿಗೇ ಕರೆ ಬರುವುದು. ಆದರೆ ಈ ಉತ್ತರವು ಕರೆ ಬರುವವರಿಗೆ ಸಲ್ಲುತ್ತದೆ; ಕರೆ ಬಾರದೆಂದು ಖಂಡಿತವಾದವರಿಗೆ ಸಲ್ಲುವುದಿಲ್ಲ. ೧೯೪೨ರಿಂದ ೧೯೬೭ರ ವರೆಗೆ ಮೇಲಿನ ಲೀಗಿನಲ್ಲಿ ಇದ್ದದ್ದು ಆರೇ ತಂಡಗಳು. ಯೋಗ್ಯತೆಯುಳ್ಳ ನೂರಾರು ಮಂದಿ ಕೆಳಗಿನ ಲೀಗಿನಲ್ಲಿಯೇ ಆಯುಷ್ಯವನ್ನು ಕಳೆದರು. ವಿಲ್ಲಿ ಮಾರ್ಷಲನು ಅಮೆರಿಕನ್ ಲೀಗಿನಲ್ಲಿ ೧,೨೦೫ ಆಟಗಳನ್ನಾಡಿ ೫೨೩ ಗೋಲು ಹೊಡೆದನು. ಗೋಲುಗಳನ್ನೂ ಗೋಲಿಗೆ ಒದಗಿಸಿದ ನೆರವನ್ನೂ ಸೇರಿಸಿ ೧,೩೭೫ ಅಂಕಗಳು. ಆ ಲೆಕ್ಕವನ್ನು ಆ ಲೀಗಿನಲ್ಲಿ ಯಾರೂ ಮೀರಿಲ್ಲ. ಮೇಲಿನ ಲೀಗಿನಲ್ಲಿ ಅವನು ಆಡಿದ್ದು ೩೩ ಆಟ. ಅವನ ಅತ್ಯುತ್ತಮ ವರ್ಷಗಳಲ್ಲಿ ಹಲವು ಹರ್ಷಿಯಲ್ಲಿ ಕಳೆದವು.

ಫ್ರಾಂಕ್ ಮ್ಯಾಥರ್ಸ್ ಎಂಬವನ ಕಥೆಯು ಇನ್ನೂ ವಿಚಾರಯೋಗ್ಯವಾದದ್ದು. ಮೇಲಿನ ಲೀಗಿನಲ್ಲಿ ೨೩ ಆಟಗಳನ್ನಾಡಿದ್ದ ಈತನು ೧೯೫೬ರಲ್ಲಿ ಆಟಗಾರನೂ ಶಿಕ್ಷಕನೂ ಆಗಿ ಹರ್ಷಿಗೆ ಬಂದನು. ೧೯೭೩ರ ತನಕ ಶಿಕ್ಷಕ, ಆಮೇಲೆ ಆಡಳಿತಾಧಿಕಾರಿ; ೧೯೯೧ರಲ್ಲಿ ನಿವೃತ್ತನಾದಾಗ ಮೂವತ್ತೈದು ವರ್ಷಗಳಾಗಿದ್ದವು. ಹರ್ಷಿಯು ಗೆದ್ದ ಹದಿಮೂರು ಬಟ್ಟಲುಗಳಲ್ಲಿ ಆರು ಇವನ ಕಾಲದವು. ೧೯೯೨ರಲ್ಲಿ ಆಟದ ಕೀರ್ತಿಮಂದಿರದಲ್ಲಿ ಇವನ ಹೆಸರನ್ನು ಸೇರಿಸಿದರು. ಮೇಲಕ್ಕೆ ಹೋಗಲಾರದೆ ಉಳಿದನೆಂದು ಈತನನ್ನು ಕುರಿತು ಮರುಗುವವರಿದ್ದರೆ ಅವರಿಗೆ ಮೇಲು ಕೀಳುಗಳ ಅರ್ಥವೇ ಆಗಿಲ್ಲ. ಸಾವಿರ ಮಂದಿ ಹಾದುಹೋಗುವ ಮನೆಯಲ್ಲಿ ಹೊಸ್ತಿಲನ್ನು ಕಾಯುವ ಒಬ್ಬನಾದರೂ ಬೇಕು. ಹಾಗೆ ಒಬ್ಬನು ನಿಂತದ್ದರಿಂದಲೇ ಹಾದುಹೋಗುವವರಿಗೂ ಅದು ಛತ್ರವಾಗದೆ ಮನೆಯಾಯಿತು.

ಇಷ್ಟನ್ನು ಹೇಳಿ ಹರ್ಷಿಯನ್ನು ರಾಮರಾಜ್ಯವೆಂದು ಹೊಗಳಿ ನಿಲ್ಲಿಸಿದರೆ ವಿಚಾರಕ್ಕೆ ಅಪಚಾರವಾದೀತು. ಊರಿಗೆಲ್ಲ ಒಬ್ಬನೇ ದಾತನಾದಲ್ಲಿ, ಎದುರುಮಾತಾಡುವವನು ಕೃತಘ್ನನೆಂದು ಎಣಿಸಿಕೊಳ್ಳುತ್ತಾನೆ. ೧೯೩೭ರ ಏಪ್ರಿಲಿನಲ್ಲಿ, ಕ್ರೀಡಾಮಂದಿರವು ತೆರೆದು ನಾಲ್ಕು ತಿಂಗಳಾಗಿದ್ದಾಗ, ಚಾಕೊಲೇಟು ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿ ಕಾರ್ಖಾನೆಯೊಳಗೇ ಕುಳಿತರು. ಹಾಲು ಕೊಳ್ಳುವವರಿಲ್ಲದೆ ಕಂಗಾಲಾದ ರೈತರೂ, ಯಜಮಾನನ ಕಡೆಯ ಕೆಲಸಗಾರರೂ ಒಳನುಗ್ಗಿ ಅವರನ್ನು ಹೊಡೆದು ಹೊರಗಟ್ಟಿದರು. ಕಂಬವಿಲ್ಲದ ಚಾವಣಿಯನ್ನು ಕಟ್ಟಿಕೊಟ್ಟವನ ಊರಿನಲ್ಲಿಯೇ ಇದೂ ನಡೆಯಿತು. ಕೊಟ್ಟವನಿಗೂ ಪಡೆದವರಿಗೂ ನಡುವೆ ಸಮಾನತೆಯಿಲ್ಲದಿದ್ದರೆ ಪ್ರೀತಿಯ ಒಳಗೇ ಒಂದು ಗೊಂದಲವು ಮನೆಮಾಡಿರುತ್ತದೆ.

ಇನ್ನು ಎಲ್ಲಕ್ಕಿಂತ ತೊಡಕಿನ ವಿಷಯ. ಇಂದು ಆ ತಂಡದ ಒಡೆತನವು ಊರಿನ ವಿಹಾರಸ್ಥಾನಗಳನ್ನು ನಡೆಸುವ ಹರ್ಷಿ ಎಂಟರ್‌ಟೈನ್‌ಮೆಂಟ್ ಅಂಡ್ ರೆಸಾರ್ಟ್ಸ್ ಎಂಬ ಕಂಪನಿಯದು. ಆ ಕಂಪನಿಯು ಪೂರ್ಣವಾಗಿ ಶಾಲೆಯ ಧರ್ಮನಿಧಿಗೆ ಸೇರಿದ್ದು. ಎಂದರೆ ಕರಡಿಗಳ ನಿಜವಾದ ಒಡೆಯರು, ಕೊಂಡಿಯಿಂದ ಕೊಂಡಿಗೆ ಹೋಗಿ ನೋಡಿದರೆ, ದಿಕ್ಕಿಲ್ಲದ ಬಡಮಕ್ಕಳು. ಧರ್ಮದರ್ಶಿಗಳ ಮೊದಲ ಕರ್ತವ್ಯವು ಆ ಮಕ್ಕಳಿಗೇ ಹೊರತು ಹಾಕಿ ನೋಡುವವರಿಗಲ್ಲ. ಹಾಗಾದರೆ, ತಂಡವನ್ನು ಮಾರಿದರೆ ಮಕ್ಕಳಿಗೆ ಹೆಚ್ಚು ಹಣ ಬರುವುದೆಂದು ಒಂದು ದಿನ ತೋರಿದಲ್ಲಿ ಅವರೇನು ಮಾಡತಕ್ಕದ್ದು? ಒಂದೇ ಪೆಟ್ಟಿಗೆಯಲ್ಲಿ ಎರಡು ನಿಕ್ಷೇಪಗಳು. ಒಂದು ಮಕ್ಕಳ ಅನ್ನ, ಇನ್ನೊಂದು ಊರಿನ ನೆಚ್ಚು.

ತಂಡದ ವಿಷಯದಲ್ಲಿ ಈ ಪರೀಕ್ಷೆಯು ಬರಲಿಲ್ಲ. ಅದಕ್ಕಿಂತ ದೊಡ್ಡದೊಂದರ ವಿಷಯದಲ್ಲಿ ಬಂದಿತು. ೨೦೦೨ರಲ್ಲಿ ಧರ್ಮದರ್ಶಿಗಳು ಚಾಕೊಲೇಟು ಕಂಪನಿಯನ್ನೇ ಮಾರಲು ಹೊರಟರು. ನಿಧಿಯ ಹಣವೆಲ್ಲ ಒಂದೇ ಕಂಪನಿಯಲ್ಲಿ ಸಿಕ್ಕಿಕೊಂಡಿರುವುದು ಮಕ್ಕಳಿಗೆ ಅಪಾಯವೆಂಬುದು ಅವರ ವಾದ, ವಾದವು ಸುಳ್ಳಲ್ಲ. ಊರಿನವರು ಬೀದಿಗಿಳಿದರು. ಕೆಲಸಗಾರರೂ, ಆ ಶಾಲೆಯಲ್ಲಿಯೇ ಓದಿ ದೊಡ್ಡವರಾದವರೂ ವಿರೋಧಿಸಿದರು. ಈ ಎರಡನೆಯವರ ವಿರೋಧಕ್ಕೆ ಹೆಚ್ಚಿನ ತೂಕವೆಂದು ನನ್ನ ಎಣಿಕೆ. ಸಂಸ್ಥಾನದ ಸರಕಾರದ ಮುಖ್ಯ ವಕೀಲರು ದಾವೆಗೆ ಬಂದರು. ಆ ಜಿಲ್ಲೆಯಲ್ಲಿ ಇಂಥ ಧರ್ಮನಿಧಿಗಳ ವ್ಯಾಜ್ಯವನ್ನು ವಿಚಾರಿಸುವ ಪೀಠಕ್ಕೆ ಅನಾಥರ ನ್ಯಾಯಾಲಯವೆಂಬ ಹಳೆಯ ಹೆಸರು ಇನ್ನೂ ಉಳಿದಿದೆ. ಅದು ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ತಡೆಯಾಜ್ಞೆ ಕೊಟ್ಟಿತು. ಅದೇ ತಿಂಗಳು ರಿಗ್ಲಿ ಕಂಪನಿಯವರು ೧,೨೫೦ ಕೋಟಿ ಡಾಲರು ಕೊಡುತ್ತೇವೆಂದು ಮುಂದೆ ಬಂದರೂ ಧರ್ಮದರ್ಶಿಗಳು ಮಾರಾಟವನ್ನು ಕೈಬಿಟ್ಟರು.

ಮಕ್ಕಳ ಹಿತವು ಮೇಲೋ ಊರಿನ ನೆಚ್ಚು ಮೇಲೋ ಎಂದು ನನ್ನನ್ನು ಕೇಳಿದರೆ, ಹಸಿದ ಮಗುವೊಂದು ಎದುರಿಗಿರುವಾಗ ಉಳಿದೆಲ್ಲವೂ ಹಿಂದೆ ಸರಿಯಬೇಕೆಂದೇ ಹೇಳುವೆನು. ಆದರೆ ಅಂದು ಮಕ್ಕಳು ಹಸಿದಿರಲಿಲ್ಲ. ನಿಧಿಯು ಶತಕೋಟಿಗಳಲ್ಲಿ ತೂಗುತ್ತಿತ್ತು. ಆ ಮಕ್ಕಳು ಬೆಳೆಯುವುದು ಆಕಾಶದಲ್ಲಲ್ಲ, ಆ ಊರಿನಲ್ಲಿ. ಕಾರ್ಖಾನೆಯ ಬಾಗಿಲಿಗೆ ಬೀಗಬಿದ್ದ ಊರಿನ ನಡುವೆ ದೊಡ್ಡ ನಿಧಿಯುಳ್ಳ ಶಾಲೆಯೊಂದೇ ನಿಂತಿರುವುದನ್ನು ದಾನಪತ್ರ ಬರೆದ ದಂಪತಿಗಳು ಬಯಸಿದ್ದರೆಂದು ತೋರುವುದಿಲ್ಲ. ನಿಕ್ಷೇಪಗಳೆರಡೂ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಒಂದನ್ನು ಒಡೆದು ಇನ್ನೊಂದನ್ನು ತುಂಬುವುದು ಹೊರಗಿನಿಂದ ನೋಡುವಷ್ಟು ಸುಲಭವಲ್ಲ. ನ್ಯಾಯಾಲಯವು ಮಾರಾಟವನ್ನು ತಡೆಯುವಾಗ ಊರಿಗಾಗುವ ಹಾನಿಯನ್ನೂ ತೂಕಕ್ಕೆ ತೆಗೆದುಕೊಂಡಿತು. ದಾನಪತ್ರದಲ್ಲಿ ಹೆಸರಿಲ್ಲದವರಿಗೂ ಒಂದು ಪಾಲಿನ ಹಕ್ಕಿದೆಯೆಂದು ಹೇಳಿದಂತಾಯಿತು.

ಮಾರಾಟವು ನಿಂತ ಮರುತಿಂಗಳು, ೨೦೦೨ರ ಅಕ್ಟೋಬರಿನಲ್ಲಿ, ಕರಡಿಗಳು ಹೊಸ ಮಂದಿರದಲ್ಲಿ ಆಡತೊಡಗಿದವು. ಹಳೆಯದನ್ನು ಕೆಡವಲಿಲ್ಲ.